ಲೇಸರ್ ಕೊಳ್ಳುವವರು ಅದರ ಕಣ್ಣನ್ನೂ ಕೊಳ್ಳಲಿ

ಮಾನ್ಯ ಸಂಪಾದಕರೇ,

ಸೂಕ್ಷ್ಮ ಕೆತ್ತನೆಗೆ ಫೆಮ್ಟೊಸೆಕೆಂಡ್ ಲೇಸರ್ ಯಂತ್ರ (ಅತಿ ಕಿರು ಅವಧಿಯ ಬೆಳಕಿನ ಮಿಡಿತಗಳಿಂದ, ಅಂದರೆ ಪಲ್ಸ್‌ಗಳಿಂದ, ಕೆತ್ತುವಂಥದ್ದು) ಬೇಕೆಂದು ಕರೆಯುವ ಟೆಂಡರ್‌ಗಳಲ್ಲಿ ಪಲ್ಸ್ ಅವಧಿ, ವ್ಯಾಟ್, ಟೇಬಲ್ ಅಳತೆ ಎಲ್ಲ ಇರುತ್ತದೆ. ಕೆತ್ತುತ್ತಿರುವಾಗ ಆಳ ಅಳೆಯುವುದು ಹೇಗೆ ಎಂಬ ಸಾಲನ್ನು ಮಾತ್ರ ಎಷ್ಟೋ ಸಲ ಮರೆತಿರುತ್ತಾರೆ. ‘ಬಿಸಿಯೇ ತಾಗದ ಕೆತ್ತನೆ, ಒಮ್ಮೆ ಸೆಟ್ ಮಾಡಿದರೆ ಸಾಕು’ ಎಂಬ ಮಾರಾಟಗಾರರ ಮಾತನ್ನು ನಂಬಿದರೆ ಆಗುವುದು ಹೀಗೆಯೇ.

ಬಿಸಿ ಇಲ್ಲ ಎನ್ನುವುದು ಬಿಡಿ ಪಲ್ಸ್‌ನ ಮಟ್ಟಿಗೆ ಹೆಚ್ಚುಕಡಿಮೆ ನಿಜ. ಸೆಕೆಂಡಿಗೆ ಲಕ್ಷಗಟ್ಟಲೆ ಪಲ್ಸ್ ಬೀಳುವಾಗ ಉಳಿಕೆ ಶಾಖ ಒಂದರ ಮೇಲೊಂದು ಕೂಡುತ್ತದೆ, ಗುಳಿಯ ತಳ ಕಪ್ಪಾಗಿ ಗುಬುಟು ಏಳುತ್ತದೆ. ಅದಕ್ಕಿಂತ ಕೆಟ್ಟದ್ದು ಆಳದ ತಪ್ಪು. ಒಂದು ಪಲ್ಸ್ ಉಕ್ಕಿನಿಂದ ಕೀಳುವುದು ಹತ್ತಿಪ್ಪತ್ತು ನ್ಯಾನೊಮೀಟರ್ ಅಷ್ಟೆ. 100 ಮೈಕ್ರಾನ್ (0.1 ಮಿ.ಮೀ., ಅಂದರೆ ಒಂದು ಲಕ್ಷ ನ್ಯಾನೊಮೀಟರ್) ಆಳದ ಗುಳಿಗೆ ಒಂದೇ ಜಾಗದ ಮೇಲೆ ಸಾವಿರಾರು ಪಲ್ಸ್ ಬೀಳಬೇಕು, ತಪ್ಪೂ ಅಷ್ಟೇ ಸಲ ಕೂಡುತ್ತದೆ.

ಲೆನ್ಸ್ ಕಾಯುವ ಗಾಜಿನ ಮೇಲೆ ಲೋಹದ ಧೂಳು ಕೂತು ಪಲ್ಸ್ ಶಕ್ತಿ 10% ಇಳಿಯಿತು ಎನ್ನಿ. ಲೋಹ ಕಿತ್ತುಬರಲು ಬೇಕಾದ ಕನಿಷ್ಠ ಮಟ್ಟದ ಏಳೂವರೆ ಪಟ್ಟು ಶಕ್ತಿಯಲ್ಲಿ ಕೆತ್ತುತ್ತಿದ್ದರೆ ಗುಳಿ 90 ಮೈಕ್ರಾನ್‌ಗೆ ನಿಲ್ಲುತ್ತದೆ. ನುಣುಪು ಬರಲೆಂದು ಒಂದೂವರೆ ಪಟ್ಟಿನಲ್ಲಿ ಕೆತ್ತುತ್ತಿದ್ದರೆ ಅದೇ 10% ಇಳಿಕೆಗೆ ಆಳ ಸುಮಾರು 45% ಕಡಿಮೆಯಾಗುತ್ತದೆ! ಲೇಸರ್ ಪೆಟ್ಟಿಗೆಯೊಳಗಿನ ಪವರ್ ಸೆನ್ಸರ್ ಆಗಲೂ ‘ಎಲ್ಲ ಸರಿ’ ಎಂದೇ ತೋರಿಸುತ್ತಿರುತ್ತದೆ. ಕೊಳೆ ಕೂತದ್ದು ಅದರ ಆಚೆಗಲ್ಲವೇ?

ಫೋಕಸ್ಸಿನದೂ ಇದೇ ಪಾಡು. 10 ಮೈಕ್ರಾನ್ ವ್ಯಾಸದ ಇನ್‌ಫ್ರಾರೆಡ್ ಕಿರಣಚುಕ್ಕೆ ಫೋಕಸ್‌ನಿಂದ ಬರೀ 75 ಮೈಕ್ರಾನ್ ಸರಿದರೆ ಅದರ ತೀವ್ರತೆ ಅರ್ಧಕ್ಕಿಳಿಯುತ್ತದೆ. ತೆಳು ತಗಡು ಅಷ್ಟು ಬಾಗಿರುವುದು ದಿನದ ಮಾತು.

ಇದಕ್ಕೆ ಮದ್ದು ಹೊಸದೇನಲ್ಲ. ಕಣ್ಣಾಸ್ಪತ್ರೆಯಲ್ಲಿ ರೆಟಿನಾ ನೋಡುವ ಓಸಿಟಿ ತಂತ್ರವನ್ನೇ (ಮರಳಿ ಬರುವ ಬೆಳಕಿನಿಂದ ಆಳ ಅಳೆಯುವ ವಿಧಾನ) ಲೇಸರ್ ಹಾದಿಯಲ್ಲಿ ಕೂಡಿಸಿ, ಅದೇ ಲೆನ್ಸ್ ಮೂಲಕ ಗುಳಿಯ ಆಳ ಅಳೆಯಬಹುದು. ಎರಡು ಎಚ್ಚರಿಕೆ ಬೇಕು. ಅಳತೆಯ ಬೆಳಕಿನ ತರಂಗಾಂತರ ಬೇರೆಯಾದ್ದರಿಂದ ಲೆನ್ಸ್‌ನ ಅಂಚಿನಲ್ಲಿ ಅದು ಕೆತ್ತುವ ಚುಕ್ಕೆಯಿಂದ ಆಚೀಚೆ ಬೀಳುತ್ತದೆ. ಕೆತ್ತುವ ಇಡೀ ಜಾಗಕ್ಕೆ ತಿದ್ದುಪಟ್ಟಿ ಮಾಡಿಸಿಕೊಳ್ಳಬೇಕು. ಕೆತ್ತುವಾಗ ಏಳುವ ಧೂಳು ಅಳತೆ ಕೆಡಿಸುತ್ತದೆ. ಕೆಲವು ಪದರ ಕೆತ್ತಿ, ಗಾಳಿ ಊದಿ, ಅಳೆದು, ಎತ್ತರ ಉಳಿದ ಕಡೆ ಮಾತ್ರ ಮತ್ತೆ ಕೆತ್ತುವುದು ಜಾಣತನ. ತಗಡಿಗೆ ತೂತು ಕೊರೆಯುವುದಷ್ಟೇ ಇದ್ದರೆ ಪ್ಲಾಸ್ಮಾ (ಕೆತ್ತುವಾಗ ಏಳುವ ಹೊಳೆಯುವ ಬಿಸಿ ಆವಿ) ಬೆಳಕು ನೋಡುವ ಅಗ್ಗದ ಫೋಟೊಡಯೋಡ್ ಎಂಬ ಬೆಳಕಿನ ಸೆನ್ಸರ್ ಸಾಕು: ಬೆಳಕು ಕುಸಿದರೆ ತೂತು ಆಚೆ ಮುಟ್ಟಿತೆಂದು ಅರ್ಥ. ಆಳ ಎಷ್ಟೆಂದು ಮಾತ್ರ ಅದು ಹೇಳದು.

ಪ್ರತಿ ಪಲ್ಸನ್ನೂ ತಿದ್ದುವ ನಿಯಂತ್ರಣಕ್ಕೆ ದುಬಾರಿ ಹಣ ಸುರಿಯಬೇಕಿಲ್ಲ. ಮೆಗಾಹರ್ಟ್ಸ್‌ನಲ್ಲಿ ಎರಡು ಪಲ್ಸ್ ನಡುವೆ ಇರುವುದು ಒಂದು ಮೈಕ್ರೊಸೆಕೆಂಡ್. ಅದಕ್ಕೆ ಎಫ್‌ಪಿಜಿಎ (ಕೆಲಸಕ್ಕೆ ತಕ್ಕಂತೆ ಜೋಡಿಸಿಕೊಳ್ಳಬಹುದಾದ ಅತಿವೇಗದ ಚಿಪ್) ಬೇಕು, ಮಾಮೂಲಿ ಪಿಸಿ ಸಾಲದು. ಗುಳಿ ಕೆತ್ತನೆಗೆ ಪದರದಿಂದ ಪದರಕ್ಕೆ ತಿದ್ದಿದರೆ ಸಾಮಾನ್ಯವಾಗಿ ಸಾಕು.

ಟೆಂಡರ್ ಕರೆಯುವವರು ಒಂದು ಪರೀಕ್ಷೆ ಸೇರಿಸಲಿ: 0.1 ಮಿ.ಮೀ. ಬಾಗಿದ ಉಕ್ಕಿನ ತಗಡು ಇಟ್ಟು, ಕಿರಣದ ಹಾದಿಯಲ್ಲಿ ಶಕ್ತಿಯನ್ನು 10% ತಗ್ಗಿಸುವ ಫಿಲ್ಟರ್ ಹಾಕಿ, ಆಪರೇಟರ್ ಕೈಹಾಕದೆ 100 ಮೈಕ್ರಾನ್ ಗುಳಿ ಕೆತ್ತಿ ತೋರಿಸಬೇಕು. ಹಣ ಪಾವತಿ ಅದಾದ ಮೇಲೆ.

– ಇಬ್ಬರು ಲೇಸರ್ ಎಂಜಿನಿಯರ್‌ಗಳು, ಬೆಂಗಳೂರು