ನಿಯಂತ್ರಣ ಮಿತಿ ಬೇರೆ, ಟಾಲರೆನ್ಸ್ ಬೇರೆ

ಮಾನ್ಯರೇ,

ತಯಾರಿಕೆಯ ಗುಣಮಟ್ಟ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವು ಸಂಖ್ಯಾಶಾಸ್ತ್ರೀಯ ಪ್ರಕ್ರಿಯಾ ನಿಯಂತ್ರಣವನ್ನು, ಅಂದರೆ ಅಳತೆಗಳ ಏರಿಳಿತವನ್ನು ಗಮನಿಸಿ ತಯಾರಿಕೆಯನ್ನು ಹತೋಟಿಯಲ್ಲಿಡುವ ಕ್ರಮವನ್ನು, ಪರಿಚಯಿಸಿದ್ದು ಸ್ವಾಗತಾರ್ಹ. ಆದರೆ ಅಳತೆಗಳನ್ನು ಸಾಲಾಗಿ ಬಿಂದುಗಳಾಗಿ ಗುರುತಿಸುವ ಕಂಟ್ರೋಲ್ ಚಾರ್ಟಿನ ಮೇಲಿನ ಹಾಗೂ ಕೆಳಗಿನ ಗೆರೆಗಳು (ನಿಯಂತ್ರಣ ಮಿತಿಗಳು) ಗ್ರಾಹಕರು ಕೊಟ್ಟ ಟಾಲರೆನ್ಸ್ ಮಿತಿಗಳೇ, ಅಂದರೆ ಅಳತೆಯಲ್ಲಿ ಅವರು ಒಪ್ಪುವ ವ್ಯತ್ಯಾಸದ ಮಿತಿಗಳೇ, ಎಂಬಂತೆ ಅದರಲ್ಲಿ ವಿವರಿಸಲಾಗಿದೆ. ಕಾರ್ಖಾನೆಗಳಲ್ಲಿಯೂ ಬೇರೂರಿರುವ ತಿಳಿವಳಿಕೆ ಇದೇ ಆದ್ದರಿಂದ ಸ್ಪಷ್ಟನೆ ಅಗತ್ಯ ಎನಿಸಿತು.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರಲ್ಲಿ ಈ ಚಾರ್ಟನ್ನು ರೂಪಿಸಿದಾಗ ಗೆರೆಗಳನ್ನು ಪ್ರಕ್ರಿಯೆಯ ಸ್ವಂತ ಏರಿಳಿತದಿಂದಲೇ, ಅಂದರೆ ಸರಾಸರಿಯಿಂದ ಮೂರು ಸಿಗ್ಮಾ (ಹರವನ್ನು ಅಳೆಯುವ ಮಾನ) ದೂರದಲ್ಲಿ ಎಳೆದರು. ಯಂತ್ರ ಸ್ಥಿರವಾಗಿದ್ದರೆ ಸುಮಾರು 370 ಬಿಂದುಗಳಲ್ಲಿ ಒಂದು ಮಾತ್ರ ಕಾರಣವಿಲ್ಲದೆ ಹೊರಗೆ ಬೀಳಬಹುದು; ಹಾಗಾಗಿ ಬಿಂದುವೊಂದು ಗೆರೆ ದಾಟಿತೆಂದರೆ ಕಾರಣ ಹುಡುಕುವುದು ಸಾರ್ಥಕ. ಟಾಲರೆನ್ಸ್ ಹೇಳುವುದು ನಮಗೆ ಏನು ಬೇಕು ಎಂಬುದನ್ನು. ನಿಯಂತ್ರಣ ಮಿತಿ ಹೇಳುವುದು ಯಂತ್ರ ಏನು ಕೊಡುತ್ತಿದೆ ಎಂಬುದನ್ನು. ಐದೈದು ಬಿಡಿಭಾಗಗಳ ಸರಾಸರಿಯನ್ನು ಗುರುತಿಸುವ ಚಾರ್ಟಿನಲ್ಲಿ ಟಾಲರೆನ್ಸ್ ಗೆರೆ ಎಳೆದರಂತೂ ಅನರ್ಥವೇ ಆಗುತ್ತದೆ: ಸರಾಸರಿಯ ಹರವು ಬಿಡಿಭಾಗಗಳ ಹರವಿನ ಅರ್ಧಕ್ಕಿಂತಲೂ ಕಡಿಮೆ ಇರುವುದರಿಂದ, ಬಿಂದು ಗೆರೆಯೊಳಗೇ ನೆಮ್ಮದಿಯಾಗಿ ಕುಳಿತಿರುವಾಗಲೂ ರಿಜೆಕ್ಟ್ ಆಗಬೇಕಾದ ಮಾಲು ಹೊರಹೋಗುತ್ತಿರಬಹುದು.

ಇದಕ್ಕೆ ವಿರುದ್ಧವಾದ ಇನ್ನೊಂದು ಅಭ್ಯಾಸ, ನನ್ನ ಮಟ್ಟಿಗೆ, ಹೆಚ್ಚು ಹಾನಿಕರ. ಲೇತ್ ಮೇಲೆ 25 ಮಿಲಿಮೀಟರಿನ ಶಾಫ್ಟ್ ತಿರುವುತ್ತಿರುವ ಆಪರೇಟರ್ 25.02 ಅಳತೆ ಕಂಡೊಡನೆ ವ್ಯಾಸ 0.02 ಇಳಿಯುವಂತೆ ಟೂಲನ್ನು ಸರಿಸುತ್ತಾನೆ, ಮುಂದಿನದು 24.97 ಬಂದರೆ ಮತ್ತೆ ಹಿಂದಕ್ಕೆ. ಶ್ರದ್ಧಾವಂತ ಕೆಲಸಗಾರನೇ ಹೀಗೆ ಮಾಡುವುದು ಹೆಚ್ಚು. ಸ್ಥಿರವಾಗಿದ್ದ ಪ್ರಕ್ರಿಯೆಯಲ್ಲಿ ಪ್ರತಿ ಅಳತೆಗೂ ಹೀಗೆ ಕೈಹಾಕಿದರೆ ವೇರಿಯೆನ್ಸ್ (ಸಿಗ್ಮಾದ ವರ್ಗ) ಎರಡು ಪಟ್ಟಾಗುತ್ತದೆ, ಅಂದರೆ ಹರವು ಸುಮಾರು ಶೇ 41ರಷ್ಟು ಹಿಗ್ಗುತ್ತದೆ. ಟೂಲ್ ಸವೆದು ವ್ಯಾಸ ನಿಧಾನವಾಗಿ ಏರುತ್ತಿದ್ದರೆ ಮಾತು ಬೇರೆ. ಆಗ ಯಾವ ಬಿಂದುವೂ ಗೆರೆ ದಾಟದಿದ್ದರೂ ಸತತ ಎಂಟು ಬಿಂದುಗಳು ಸರಾಸರಿಯ ಒಂದೇ ಬದಿಗೆ ಬೀಳತೊಡಗುತ್ತವೆ. ಕೈಹಾಕಬೇಕಾದ ಹೊತ್ತು ಅದು.

ಪ್ರಕ್ರಿಯೆ ಸ್ಥಿರವಾಗಿದ್ದೂ ಟಾಲರೆನ್ಸ್ ಒಳಗೆ ಹಿಡಿಸದಿದ್ದರೆ ಆಪರೇಟರನ್ನು ಗದರಿ ಪ್ರಯೋಜನವಿಲ್ಲ. ಯಂತ್ರ, ಕಚ್ಚಾವಸ್ತು ಅಥವಾ ವಿಧಾನವನ್ನು ಬದಲಿಸುವ ಅಧಿಕಾರ ಆತನಿಗೆ ಇರುವುದಿಲ್ಲ. ಅದು ಆಡಳಿತ ವರ್ಗದ ಕೆಲಸ.

ಕೊನೆಯದಾಗಿ, ಚಾರ್ಟನ್ನು ಯಂತ್ರದ ಬಳಿ ಆಯಾ ಹೊತ್ತಿಗೇ ತುಂಬಬೇಕು. ಟೂಲ್ ಬದಲಾದದ್ದು, ಕಚ್ಚಾವಸ್ತುವಿನ ಹೊಸ ಲಾಟ್ ಬಂದದ್ದು ಬಿಂದುವಿನ ಪಕ್ಕದಲ್ಲೇ ದಾಖಲಾಗಬೇಕು. ತಿಂಗಳುಗಟ್ಟಲೆ ಒಂದು ಬಿಂದುವೂ ಗೆರೆ ದಾಟದ, ಒಂದು ಟಿಪ್ಪಣಿಯೂ ಇಲ್ಲದ ಚಾರ್ಟನ್ನು ಕಂಡ ಆಡಿಟರ್ ಸಹಿ ಹಾಕುವ ಮೊದಲು ಅದನ್ನು ಯಾವ ಮೇಜಿನ ಮೇಲೆ ಬರೆಯಲಾಯಿತು ಎಂದು ವಿಚಾರಿಸುವುದು ಒಳ್ಳೆಯದು.

ಇಂತಿ,
ಒಬ್ಬ ಓದುಗ