ಇನ್ನು ಮುಂದೆ ಮೆಟೀರಿಯಲ್ ಹಣ ಮುಂಗಡವಾಗಿ ಬೇಕು: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ವಿಷಯ ಮೊದಲೇ ಹೇಳಿಬಿಡುತ್ತೇವೆ. ಮುಂದಿನ ತಿಂಗಳ 1ನೇ ತಾರೀಕಿನಿಂದ ಉಪಗ್ರಹ ಮತ್ತು ರಾಕೆಟ್ ಬಿಡಿಭಾಗಗಳ ಹೊಸ ಆರ್ಡರ್‌ಗಳಿಗೆ ಮೆಟೀರಿಯಲ್ ಹಣವನ್ನು ಆರ್ಡರ್ ಜೊತೆಗೇ ಕೊಡಬೇಕಾಗುತ್ತದೆ. ನಮ್ಮ ಕೊಟೇಶನ್ ಇಷ್ಟು ಕಾಲ 90 ದಿನ ನಡೆಯುತ್ತಿತ್ತು. ಇನ್ನು 15 ದಿನ ಮಾತ್ರ. ಮಷಿನಿಂಗ್ ಕೂಲಿ ಮೊದಲಿನಂತೆಯೇ, ಮಾಲು ನಿಮ್ಮ ಕೈಸೇರಿದ ಮೇಲೆ ಕೊಟ್ಟರೆ ಸಾಕು.

ಯಾಕೆ ಹೀಗೆ ಅಂತ ಬಿಡಿಸಿ ಹೇಳಬೇಕು. ನಿಮ್ಮಲ್ಲಿ ಹಲವರು ಮೊದಲ ಡ್ರಾಯಿಂಗ್ ಹಿಡಿದು ಬಂದದ್ದೇ ನಮ್ಮ ಪೀಣ್ಯದ ಶೆಡ್‌ಗೆ.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯಿತು. ಅದು ಸಾಲ ಅಗ್ಗವಾಗಿದ್ದ ಕಾಲ. ಅಮೆರಿಕದಲ್ಲಿ ಬಡ್ಡಿ ಹೆಚ್ಚುಕಡಿಮೆ ಸೊನ್ನೆ, ನಮ್ಮಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ. 4. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಏನೂ ಹುಟ್ಟದಿದ್ದಾಗ ಹೂಡಿಕೆದಾರರು ಹತ್ತು ವರ್ಷ ಕಾಯಬೇಕಾದ ರಾಕೆಟ್‌ಗೂ ಹಣ ಹಾಕುತ್ತಾರೆ. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾಯಿತು, ಬೆಲೆ ಏರಿತು, ಹಿಂದೆಯೇ ಬಡ್ಡಿ ಏರಿತು. 2023ರ ಫೆಬ್ರವರಿಗೆ ನಮ್ಮ ರೆಪೊ ಶೇ. 6.5 ಆಯಿತು. ಅದೇ ಜುಲೈಗೆ ಅಮೆರಿಕದ ದರ ಶೇ. 5.25 ದಾಟಿತ್ತು. ಕುಳಿತಲ್ಲೇ ಬಡ್ಡಿ ಬರುವಾಗ ರಾಕೆಟ್‌ಗಾಗಿ ಯಾರು ಕಾಯುತ್ತಾರೆ, ಅಲ್ವಾ?

ವರ್ಜಿನ್ ಆರ್ಬಿಟ್ ಎಂಬ ರಾಕೆಟ್ ಕಂಪನಿ ನಿಮಗೆ ನೆನಪಿರಬಹುದು. 2023ರ ಜನವರಿಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಹೊರಟ ಅವರ ಉಡಾವಣೆ ವಿಫಲವಾಯಿತು. ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಂದು ಸೋಲಿಗೇ ಮುಳುಗಿತು ಅಂತ ಜನ ಹೇಳುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಸ್ಪೇಸ್‌ಎಕ್ಸ್‌ನ ಮೊದಲ ಮೂರು ಫಾಲ್ಕನ್ 1 ರಾಕೆಟ್‌ಗಳೂ ಸೋತಿದ್ದವು. ನಾಲ್ಕನೆಯದು 2008ರ ಸೆಪ್ಟೆಂಬರ್‌ನಲ್ಲಿ ಗೆದ್ದಿತು, ಅದೂ ಜಗತ್ತಿನ ಬ್ಯಾಂಕುಗಳೆಲ್ಲ ನಡುಗುತ್ತಿದ್ದಾಗ. ಡಿಸೆಂಬರ್‌ನಲ್ಲಿ ನಾಸಾ ಅವರಿಗೆ 160 ಕೋಟಿ ಡಾಲರ್‌ನ ಗುತ್ತಿಗೆ ಕೊಟ್ಟಿತು. ಸೋಲು ಇಬ್ಬರಿಗೂ ಬಂತು. ಕಷ್ಟಕಾಲದಲ್ಲಿ ಹಣ ಸಿಕ್ಕಿದ್ದು ಒಬ್ಬರಿಗೆ ಮಾತ್ರ.

ಈ ಏರಿಳಿತ ನಮ್ಮಂಥ ಚಿಕ್ಕ ವರ್ಕ್‌ಶಾಪ್‌ಗೆ ಮೆಟೀರಿಯಲ್ ರೂಪದಲ್ಲಿ ಬಂದು ಮುಟ್ಟುತ್ತದೆ. ಕಳೆದ ವರ್ಷ ಒಬ್ಬ ಗ್ರಾಹಕರಿಗಾಗಿ ಟೈಟಾನಿಯಂ ತರಿಸಿದೆವು. ಅವರಿಗೆ ಬರಬೇಕಿದ್ದ ಹೂಡಿಕೆ ಮುಂದಕ್ಕೆ ಹೋಯಿತು, ಆರ್ಡರ್ ನಿಂತಿತು. ಮಾಲು ನಾಲ್ಕು ತಿಂಗಳು ಶೆಡ್‌ನಲ್ಲೇ ಬಿದ್ದಿತ್ತು. ಅದಕ್ಕಾಗಿ ತೆಗೆದ ಓವರ್‌ಡ್ರಾಫ್ಟ್ ಸಾಲದ ಬಡ್ಡಿ ಕಟ್ಟಿದ್ದು ನಾವು. ಅವರ ಮೇಲೆ ಬೇಸರವಿಲ್ಲ, ಪಾಪ, ಅವರೂ ಸಂಬಳ ಕೊಡಲು ಒದ್ದಾಡುತ್ತಿದ್ದರು. ಚಿಕ್ಕ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನೇ ಇದೆ. ಆದರೆ ಜೊತೆಯಲ್ಲಿ ಕೆಲಸ ಮಾಡುವವರ ಮೇಲೆ ದೂರು ಕೊಡಲು ನಮಗೆ ಮನಸ್ಸಿಲ್ಲ.

ಈಗ ಬಡ್ಡಿ ಇಳಿದಿದೆಯಲ್ಲ ಅಂತ ನೀವು ಕೇಳಬಹುದು. ಹೌದು, 2025ರಲ್ಲಿ ರಿಸರ್ವ್ ಬ್ಯಾಂಕ್ ಹಲವು ಸಲ ಇಳಿಸಿತು. ಆದರೆ ನಮ್ಮ ಗ್ರೇಡ್ 5 ಟೈಟಾನಿಯಂ ಬಾರ್‌ಗಳ ಲೆಕ್ಕ ಡಾಲರ್‌ನಲ್ಲಿ. 2022ರ ಆರಂಭದಲ್ಲಿ 75 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಯುದ್ಧ ಶುರುವಾದ ಮೇಲೆ ವಿಮಾನ ಕಂಪನಿ ಬೋಯಿಂಗ್ ರಷ್ಯಾದ ಟೈಟಾನಿಯಂ ಕೊಳ್ಳುವುದನ್ನು ನಿಲ್ಲಿಸಿತು. ಬೇರೆ ಕಡೆಯ ಮಾಲಿಗಾಗಿ ಅಂಥ ದೊಡ್ಡವರು ನಿಂತಿರುವ ಸಾಲಿನಲ್ಲಿ ನಾಲ್ಕು ಬಾರ್ ಕೇಳುವ ನಾವು ಕೊನೆಯವರು. ಅಷ್ಟು ಕಷ್ಟಪಟ್ಟು ತಂದದ್ದರಲ್ಲಿ ಹೆಚ್ಚಿನದು ಮಷಿನ್‌ನಲ್ಲಿ ಚಿಪ್ ಆಗಿ ಉದುರುತ್ತದೆ. 10 ಕಿಲೋ ಗಟ್ಟಿಯಿಂದ ಒಂದೂವರೆ ಕಿಲೋ ಬ್ರ್ಯಾಕೆಟ್ ಬಂದರೆ ಅದೇ ಜಾಸ್ತಿ. ಟೆಸ್ಟ್ ಸರ್ಟಿಫಿಕೇಟ್ ಇಲ್ಲದ ಅಗ್ಗದ ಮೆಟೀರಿಯಲ್ ಬಳಸುವ ದಾರಿಯೊಂದಿತ್ತು. ಮೇಲೆ ಹೋದ ಮೇಲೆ ಬಿಚ್ಚಿ ರಿಪೇರಿ ಮಾಡಲಾಗದ ವಸ್ತುವಿಗೆ ನಾವು ಅದನ್ನು ಮುಟ್ಟುವುದಿಲ್ಲ.

ನೀವು ಹಣ ಕೊಟ್ಟ ಬಾರ್ ನಿಮ್ಮದೇ. ನಿಮ್ಮ ಹೆಸರು, ಹೀಟ್ ನಂಬರ್ (ಲೋಹ ಯಾವ ಕರಗುವಿಕೆಯದು ಅಂತ ತಿಳಿಸುವ ಸಂಖ್ಯೆ) ಬರೆದು ಬೇರೆಯಾಗಿ ಇಡುತ್ತೇವೆ. ಆರ್ಡರ್ ನಿಲ್ಲಿಸಿದರೆ ಕತ್ತರಿಸದೆ ಉಳಿದದ್ದನ್ನು ಒಯ್ಯಬಹುದು, ಇಲ್ಲವೇ ನಾವೇ ಅಂದಿನ ಬೆಲೆಗೆ ಕೊಳ್ಳುತ್ತೇವೆ.

ಕಾಲೇಜಿನ ಉಪಗ್ರಹ ತಂಡಗಳಿಗೆ ಈ ಬದಲಾವಣೆ ಇಲ್ಲ. 1975ರಲ್ಲಿ ಹಾರಿದ ಆರ್ಯಭಟ ತಯಾರಾದದ್ದು ಇದೇ ಪೀಣ್ಯದ ಶೆಡ್‌ಗಳಲ್ಲಿ. ಆ ತಂಡವನ್ನು ಮುನ್ನಡೆಸಿದ ವಿಜ್ಞಾನಿ ಯು. ಆರ್. ರಾವ್ ಅವರ ಜೊತೆಗಿದ್ದವರಿಗೂ ಅದು ಮೊದಲ ಉಪಗ್ರಹವೇ ಆಗಿತ್ತು. ಹುಡುಗರು ಬಂದರೆ ನಮ್ಮಲ್ಲಿ ಉಳಿದ ತುಂಡುಗಳಲ್ಲೇ ಮಾಡಿಕೊಡುತ್ತೇವೆ.

ಈಗಾಗಲೇ ಕೊಟ್ಟಿರುವ ಆರ್ಡರ್‌ಗಳು ಹಳೆಯ ಷರತ್ತಿನಲ್ಲೇ ಮುಗಿಯುತ್ತವೆ. ಮುಂಗಡ ಒಂದೇ ಸಲ ಕೊಡುವುದು ಕಷ್ಟವಾದರೆ ಆರ್ಡರ್ ಹಾಕುವ ಮೊದಲೇ ಹೇಳಿ. ಲಾಟ್ ಚಿಕ್ಕದು ಮಾಡಿ, ಎರಡು ಮೂರು ಕಂತಿನಲ್ಲಿ ತರಿಸೋಣ.

ವಿಶ್ವಾಸದಿಂದ,
ನಿಮ್ಮ ಪೀಣ್ಯದ ವರ್ಕ್‌ಶಾಪಿನವರು