ಡ್ರೈನ್ ಬೋಲ್ಟ್ ಹಾಳಾಗಿದ್ದು ನಮ್ಮನೆ ಅಂಗಳದಲ್ಲಲ್ಲ

ಸಾಗರ
19-11-2025

ಇವರಿಗೆ,
ಸರ್ವಿಸ್ ಮ್ಯಾನೇಜರ್,
ಅಧಿಕೃತ ದ್ವಿಚಕ್ರ ವಾಹನ ಸರ್ವಿಸ್ ಸೆಂಟರ್,
ಶಿವಮೊಗ್ಗ

ವಿಷಯ: ಆಗಸ್ಟ್ 9ರ ಸರ್ವಿಸ್‌ನಲ್ಲಿ ಡ್ರೈನ್ ಬೋಲ್ಟಿನ (ಇಂಜಿನ್ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟ್) ಥ್ರೆಡ್ (ತಿರುಪಿನ ಗೆರೆ) ಹಾಳು ಮಾಡಿದ್ದು, ಹಾಕದ ವಾಷರ್‌ಗೆ ಬಿಲ್ ಮಾಡಿದ್ದು

ಮಾನ್ಯರೇ,

ನನ್ನ 150 ಸಿಸಿ ಬೈಕಿಗೆ ನಿಮ್ಮಲ್ಲಿ ಸರ್ವಿಸ್ ಮಾಡಿಸಿದ್ದು ಆಗಸ್ಟ್ 9ರಂದು. ಬಿಲ್ಲಿನ ನಕಲು ಜೊತೆಗಿದೆ. ವಾರಂಟಿ ಮುಗಿದು ವರ್ಷಗಳಾದವು. ಆಯಿಲ್ ಬದಲಿಸೋದಕ್ಕೆ ಅಂತ ಎಪ್ಪತ್ತು ಕಿಲೋಮೀಟರ್ ಬಂದು ಒಂದು ದಿನ ಕಳೆಯೋದು ಬೇಡ ಅಂತ ಈ ಸಲ ಮನೆಯಲ್ಲೇ ಮಾಡಿಕೊಳ್ಳಲು ಹೊರಟೆ. ಹೊಸಬನೇನಲ್ಲ. ಹಳೇ ಬೈಕಿಗೆ ಎಂಟು ವರ್ಷ ನಾನೇ ಆಯಿಲ್ ಬದಲಿಸಿದವನು.

ಕಳೆದ ಭಾನುವಾರ ಅಂಗಳದಲ್ಲಿ ಗೋಣಿಚೀಲ ಹಾಸಿ, ಇಂಜಿನ್ ಸ್ವಲ್ಪ ಬಿಸಿ ಮಾಡಿ, ಕೆಳಗೆ ಹಳೇ ಬೇಸಿನ್ ಇಟ್ಟೆ. 17ರ ರಿಂಗ್ ಸ್ಪ್ಯಾನರ್‌ಗೆ ಬೋಲ್ಟ್ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಸ್ಪ್ಯಾನರ್‌ಗೆ ಪೈಪ್ ತೂರಿಸಿ ಎಳೆದಾಗ ಕಿರ್ರ್ ಅಂತ ಬಿಟ್ಟುಕೊಂಡಿತು. ಬೈಕಿನ ಕೈಪಿಡಿಯಲ್ಲಿ ಈ ಬೋಲ್ಟಿಗೆ ಹೇಳಿರುವ ಬಿಗಿ 25 ನ್ಯೂಟನ್ ಮೀಟರ್. ಇಪ್ಪತ್ತು ಸೆಂಟಿಮೀಟರ್ ಸ್ಪ್ಯಾನರ್‌ನ ತುದಿಯಲ್ಲಿ ಅದು ಹನ್ನೆರಡು ಹದಿಮೂರು ಕೆಜಿ ಎಳೆತ. ತುಂಬಿದ ಬಿಂದಿಗೆ ಎತ್ತುವಷ್ಟು, ಅಷ್ಟೇ. ನಿಮ್ಮವರು ಬಿಗಿಸಿದ್ದನ್ನು ನೋಡಿದರೆ ಬಾವಿಯನ್ನೇ ಎತ್ತಲು ಹೊರಟಂತಿತ್ತು.

ಬಿಸಿ ಆಯಿಲ್ ಸುರಿದ ಮೇಲೆ ಬೋಲ್ಟ್ ಒರೆಸಿ ನೋಡಿದೆ. ಥ್ರೆಡ್ಡಿನ ಸಂದಿಯಲ್ಲಿ ತೆಳ್ಳನೆಯ ಅಲ್ಯೂಮಿನಿಯಂ ಎಳೆ ಸುತ್ತಿಕೊಂಡಿತ್ತು, ಪೆನ್ಸಿಲ್ ಚೂಪು ಮಾಡುವಾಗ ಬರುವ ಸುರುಳಿಯ ಹಾಗೆ. ಬೋಲ್ಟ್ ಸ್ಟೀಲಿನದು. ಅಂದರೆ ಆ ಎಳೆ ಇಂಜಿನ್ ಕೇಸಿನದೇ. ಎಳೆಯೇನೂ ಹೊಳೆಯುತ್ತಿರಲಿಲ್ಲ, ಆಯಿಲ್ ಕುಡಿದು ಕಪ್ಪಾಗಿತ್ತು. ವಾಷರ್ ಕಾಗದದಷ್ಟು ತೆಳ್ಳಗಾಗಿತ್ತು. ಅದರ ಸುತ್ತ ಬೂದು ಬಣ್ಣದ ಗಮ್ಮು ಮೆತ್ತಿತ್ತು. ಆಗಸ್ಟ್‌ನಿಂದ ಬೈಕ್ ನಿಲ್ಲಿಸಿದ ಕಡೆ ದಿನಾ ಒಂದೊಂದು ಹನಿ ಬೀಳುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ನಾನು ಚೈನಿಗೆ ಹಾಕಿದ ಆಯಿಲ್ ಇರಬೇಕು ಅಂದುಕೊಂಡಿದ್ದೆ. ನಿಮ್ಮ ಬಿಲ್ಲಿನಲ್ಲಿ ‘ಡ್ರೈನ್ ವಾಷರ್ 1, ರೂ. 12’ ಅಂತಿದೆ. ಅದು ಮೆತ್ತನೆಯ ವಾಷರ್. ಒಂದು ಸಲ ಅಮುಕಿ ಕೂತರೆ ಮುಗಿಯಿತು, ಪ್ರತಿ ಸಲ ಹೊಸದು ಹಾಕಬೇಕು. ನೀವು ಹಳೆಯದನ್ನೇ ಬಿಟ್ಟು ಮೇಲೆ ಹಾಕಿದ್ದು ಗಮ್ಮು.

ಇನ್ನು ವಾಪಸ್ ಹಾಕುವ ಪಾಡು. ಬೋಲ್ಟ್, ತೂತು ಎರಡನ್ನೂ ಬ್ರಷ್ ಹಾಕಿ ಉಜ್ಜಿ ಒರೆಸಿದೆ. ಮೊದಲು ಕೈಯಲ್ಲೇ ಉಲ್ಟಾ ತಿರುಗಿಸಿ, ಥ್ರೆಡ್ ಕೂತು ಟಿಕ್ ಅಂದ ಮೇಲೆ ಸೀದಾ ತಿರುಗಿಸಿದೆ. ಸರಿ ಇರುವ ಬೋಲ್ಟ್ ಬೆರಳಲ್ಲೇ ಸರಾಗವಾಗಿ ಹೋಗಬೇಕು ಅಲ್ವಾ? ಇದು ಒಂದೂವರೆ ಸುತ್ತಿಗೆ ಓರೆಯಾಗಿ ನಿಂತುಬಿಡುತ್ತಿತ್ತು. ಬಿಚ್ಚಿ ಮತ್ತೆ ಹಾಕಿದೆ, ಮತ್ತೆ ಅಲ್ಲೇ. ಇಪ್ಪತ್ತು ಸಲವಾದರೂ ಮಾಡಿರಬೇಕು. ಟಾರ್ಚ್ ಹಿಡಿದು ಕೂತಿದ್ದ ಅಪ್ಪಯ್ಯ, ‘ಸ್ಪ್ಯಾನರ್ ಹಾಕಿ ತಿರುಗ್ಸು ಮಾರಾಯ, ಹೋಗ್ತದೆ’ ಅಂದರು. ನಾನು ಹಾಕಲಿಲ್ಲ. ನಿಮ್ಮಲ್ಲಿ ಯಾರೋ ಹಾಗೆ ತಿರುಗಿಸಿದ್ದರಿಂದಲೇ ಈ ಗತಿ ಬಂದಿದ್ದು.

ಸೋಮವಾರ ಬೆಳಿಗ್ಗೆ ನಿಮಗೆ ಫೋನ್ ಮಾಡಿದೆ. ‘ಮನೇಲಿ ಬಿಚ್ಚಿದ್ರೆ ಹಿಂಗೇ ಸಾರ್ ಆಗೋದು, ನೀವೇ ಕ್ರಾಸ್ ಥ್ರೆಡ್ ಮಾಡಿರ್ತೀರಿ’ ಅಂದರು ನಿಮ್ಮ ಸಿಬ್ಬಂದಿ. ಅಂದರೆ ಬೋಲ್ಟನ್ನು ಓರೆಯಾಗಿ ತಿರುಗಿಸಿ ಥ್ರೆಡ್ ಕೆಡಿಸಿದ್ದು ನಾನೇ ಅಂತ. ಅವರ ದನಿಯಲ್ಲಿದ್ದ ನಗುವನ್ನು ಬಿಟ್ಟುಬಿಡುತ್ತೇನೆ. ಮಾತಿಗೆ ಮಾತ್ರ ಉತ್ತರ ಇಲ್ಲಿದೆ. ಆ ಎಳೆ ಬಂದದ್ದು ಬೋಲ್ಟ್ ಬಿಚ್ಚುವಾಗ. ನಾನು ವಾಪಸ್ ಹಾಕಲು ಶುರು ಮಾಡುವ ಮೊದಲು. ಆಗಸ್ಟ್ 9ರ ನಂತರ ಆ ಬೋಲ್ಟನ್ನು ಬೇರೆ ಯಾರೂ ಮುಟ್ಟಿಲ್ಲ. ಹಾಗಾದರೆ ಹಾಳು ಮಾಡಿದವರು ಯಾರು?

ಆಯಿಲ್ ಇಲ್ಲದ ಬೈಕ್ ಸ್ಟಾರ್ಟ್ ಮಾಡುವ ಹಾಗಿಲ್ಲ. ಲಗೇಜ್ ಆಟೋದಲ್ಲಿ ಲೇತ್ ಅಂಗಡಿಗೆ ಸಾಗಿಸಿದೆ. ಅವರು ತೂತು ದೊಡ್ಡದು ಮಾಡಿ, ಟ್ಯಾಪ್ ಹೊಡೆದು ಹೊಸ ಥ್ರೆಡ್ ಮಾಡಿ, ಒಳಗೆ ಸ್ಟೀಲ್ ಸುರುಳಿ ಕೂರಿಸಿ, ಹೊಸ ಬೋಲ್ಟ್ ಹಾಕಿದರು. ಲೋಹದ ಚೂರು ತೊಳೆದು ಹೋಗಲಿ ಅಂತ ಅರ್ಧ ಲೀಟರ್ ಆಯಿಲ್ ಸುಮ್ನೆ ಸುರಿದು ಚೆಲ್ಲಬೇಕಾಯಿತು. ಅಡಿಕೆ ಕೊಯ್ಲಿನ ಸಮಯ ಬೇರೆ. ತೋಟಕ್ಕೆ ಎರಡು ದಿನ ನಡೆದೇ ಹೋದೆ.

ಲೇತ್ ಕೆಲಸಕ್ಕೆ ಬೋಲ್ಟ್ ಸೇರಿ 900, ಆಟೋಗೆ 500, ತೊಳೆದ ಆಯಿಲ್‌ಗೆ 200, ಹಾಕದ ವಾಷರ್‌ಗೆ 12. ಒಟ್ಟು 1,612 ರೂಪಾಯಿ. ರಸೀದಿಗಳನ್ನು ಲಗತ್ತಿಸಿದ್ದೇನೆ. ಹದಿನೈದು ದಿನದೊಳಗೆ ಈ ಹಣ ವಾಪಸ್ ಕೊಡಿ, ಇಲ್ಲವೇ ಯಾಕೆ ಕೊಡುವುದಿಲ್ಲ ಅಂತ ಬರವಣಿಗೆಯಲ್ಲಿ ತಿಳಿಸಿ. ಎರಡೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಹಳೇ ಬೋಲ್ಟ್, ವಾಷರ್, ಆ ಎಳೆ ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೇನೆ. ಪತ್ರದ ಜೊತೆ ಕಳಿಸುತ್ತಿಲ್ಲ, ಫೋಟೋ ಮಾತ್ರ ಇದೆ. ನೋಡಬೇಕಿದ್ದರೆ ನಮ್ಮನೆಗೆ ಬನ್ನಿ.

ಇಂತಿ,
ನಿಮ್ಮ ಗ್ರಾಹಕ